ಹಿಮ ನಿಲ್ಲದ ಕಲ್ಲು

ಡಿಸೆಂಬರ್ ೨೯, ೧೯೬೨, ಶನಿವಾರ

ಆಸ್ಪತ್ರೆಯಿಂದ ಕಳಿಸುವಾಗ ನರ್ಸ್ ಎರಡು ಮಾತು ಹೇಳಿದ್ದಳು. ಎದೆಗೆ ಬಟ್ಟೆ ಬಿಗಿದು ಕಟ್ಟಿಕೊ, ಹಾಲು ತಾನಾಗಿ ಬತ್ತುತ್ತದೆ. ಮನಸ್ಸು ಭಾರವಾದರೆ ಪುಸ್ತಕದಲ್ಲಿ ಬರೆದು ಮುಚ್ಚಿಡು, ಕಂಡವರ ಮುಂದೆ ಹೇಳುತ್ತ ಕೂರಬೇಡ. ಬಟ್ಟೆ ಕಟ್ಟಿ ಮೂರು ವಾರವಾಯಿತು. ಪುಸ್ತಕಕ್ಕೆ ಇವತ್ತು ಕೈ ಹಚ್ಚಿದ್ದೇನೆ.

ಬರೆಯಲು ಏನಿದೆ? ಹೆರಿಗೆಗೆ ಹೋದೆ, ಬರಿಗೈಯಲ್ಲಿ ಬಂದೆ. ನನಗೆ ಎಚ್ಚರವಾಗುವಷ್ಟರಲ್ಲಿ ಅದನ್ನು ತೆಗೆದುಕೊಂಡು ಹೋಗಿದ್ದರು. ಉಸಿರಾಡದೆ ಹುಟ್ಟಿತು ಎಂದರು. ಗಂಡೋ ಹೆಣ್ಣೋ ಹೇಳಲಿಲ್ಲ, ಕೇಳಲು ನನಗೆ ನಾಲಿಗೆ ಏಳಲಿಲ್ಲ. ಮಾರನೆಯ ದಿನ ಫೆಸ್ಟಸ್ ಬಸ್ಸಿನಲ್ಲಿ ಬಂದು ಪೆಟ್ಟಿಗೆ ಒಯ್ದನಂತೆ. ನನ್ನ ಹಾಸಿಗೆಯ ತನಕ ಅವನನ್ನು ಬಿಡಲಿಲ್ಲವಂತೆ. ಜ್ಞಾನಸ್ನಾನವಾಗದ ಕೂಸಿಗೆ ಚರ್ಚಿನ ಮಣ್ಣಿನಲ್ಲಿ ಜಾಗವಿಲ್ಲ. ಅಪ್ಪಂದಿರು ಕೊಂಡೊಯ್ದು ಎಲ್ಲೋ ಇಟ್ಟು ಬರುತ್ತಾರೆ. ಎಲ್ಲಿ ಎಂದು ಹೆಂಗಸರು ಕೇಳುವುದಿಲ್ಲ, ಗಂಡಸರು ಹೇಳುವುದಿಲ್ಲ. ನಾನೂ ಕೇಳಿಲ್ಲ.

ಮನೆಯಲ್ಲಿ ನಾವು ನಾಲ್ವರು. ನಾನು, ನನ್ನ ಗಂಡ ಫೆಸ್ಟಸ್, ಅವನ ಅಣ್ಣ ಲ್ಯೂಕ್ ಭಾವ, ಇಬ್ಬರ ತಾಯಿ ಹೊನೊರಾ. ಜಮೀನು ಭಾವನ ಹೆಸರಿನಲ್ಲಿದೆ, ಆದ್ದರಿಂದ ಕೊನೆಯ ಮಾತೂ ಅವರದೇ. ಐವತ್ತಾಗಿದೆ, ಮದುವೆಯಾಗಿಲ್ಲ. ಅತ್ತೆಗೆ ಎಪ್ಪತ್ತೆಂಟು, ಒಲೆಯ ಪಕ್ಕದ ಕುರ್ಚಿಯಿಂದ ಏಳುವುದು ಮಲಗುವುದಕ್ಕೆ ಮಾತ್ರ. ಕೂಸಿನ ವಿಷಯ ನಾಲ್ವರಲ್ಲಿ ಯಾರೂ ಎತ್ತಿಲ್ಲ. ಕ್ರಿಸ್‌ಮಸ್ ದಿನ ಭಾವ ನನ್ನ ತಟ್ಟೆಗೆ ಬಾತುಕೋಳಿಯ ಕಾಲನ್ನು ಹಾಕಿದರು. ನಾನು ಈ ಮನೆಗೆ ಬಂದ ನಾಲ್ಕು ವರ್ಷದಲ್ಲಿ ಅದು ಅವರ ತಟ್ಟೆ ಬಿಟ್ಟು ಬೇರೆಡೆ ಹೋದದ್ದು ಇದೇ ಮೊದಲು.

ಜನವರಿ ೩, ಗುರುವಾರ

ಹಿಮ ಮೊಣಕಾಲುದ್ದ ಬಿದ್ದಿದೆ. ಲಿಶೀನ್‌ಬಾನಿನ ಒಂಬತ್ತು ಮನೆಗಳ ಹೊಗೆ ಏಳದಿದ್ದರೆ ಇಲ್ಲಿ ಊರೇ ಇಲ್ಲ ಎನ್ನಬೇಕು. ಪಕ್ಕದ ಮನೆ ಮ್ಯಾಲಕಿಯ ಹೊಲದಲ್ಲಿ ಆ ಹಳೆಯ ನಿಲುಗಲ್ಲು ಮಾತ್ರ ಕಪ್ಪಗೆ ನಿಂತಿದೆ. ಗುಡ್ಡದ ಮೇಲಿನ ಕಲ್ಮನೆಯೊಳಗೆ ಅವನ ಕುರಿಗಳು ಒತ್ತೊತ್ತಾಗಿ ತುಂಬಿಕೊಂಡಿವೆ.

“ಯಾವನೋ ರಾಜನ ಗೋರಿ ಅಂತೆ. ಈಗ ಮ್ಯಾಲಕಿ ಕುರಿಗಳಿಗೆ ಕೊಟ್ಟಿಗೆ,” ಎಂದರು ಭಾವ. “ರಾಜ ಒಳಗಿಂದ ಎದ್ದು ‘ಸ್ವಲ್ಪ ಸರ್ಕೊಳ್ರಮ್ಮ’ ಅಂತಾನೇನೋ.”

ಫೆಸ್ಟಸ್ ನಕ್ಕ. ನಾಲ್ಕು ವಾರದಲ್ಲಿ ಮೊದಲ ಸಲ. ನನ್ನ ಕಡೆ ನೋಡಿ ನಿಲ್ಲಿಸಿದ.

ಹಾಲು ಬತ್ತಿದೆ. ಬಟ್ಟೆ ಬಿಚ್ಚಿದೆ.

ಜನವರಿ ೯, ಬುಧವಾರ

ಮಧ್ಯಾಹ್ನ ಬಕೆಟ್ ತರಲು ಹೊರಗೆ ಹೋದಾಗ ಕೊಟ್ಟಿಗೆಯ ಮುಂದೆ ಗೊರಸಿನ ಗುರುತುಗಳಿದ್ದವು. ಸಣ್ಣವು, ಕಡಸಿನವು. ಬಾಗಿಲು ಅರ್ಧ ತೆರೆದಿತ್ತು. ಕಡಸು ತಪ್ಪಿಸಿಕೊಂಡಿದೆ ಎಂದುಕೊಂಡು ಗುರುತು ಹಿಡಿದು ಹೋದೆ. ಮೇಲಿನ ಹೊಲ ದಾಟಿ ಅವು ನೇರ ದುಂಡುಕೋಟೆಯ ಕಂಡಿಯೊಳಗೆ ಹೋಗಿದ್ದವು.

ಕೋಟೆ ಎಂದರೆ ಗೋಡೆಯಿಲ್ಲ, ಬುರುಜಿಲ್ಲ. ಆಳೆತ್ತರದ ಮಣ್ಣಿನ ಏರಿ ಬಳೆಯ ಹಾಗೆ ಸುತ್ತಿಕೊಂಡಿದೆ, ಏರಿಯ ಮೇಲೆ ಮುಳ್ಳುಮರಗಳು, ಮೂಡಣ ದಿಕ್ಕಿಗೆ ಒಂದು ಕಂಡಿ. ಮದುವೆಯಾಗಿ ಬಂದ ವಾರವೇ ಫೆಸ್ಟಸ್ ‘ಅದರೊಳಗೆ ಹೋಗ್ಬೇಡ’ ಎಂದಿದ್ದ. ಯಾಕೆ ಎಂದರೆ ‘ಯಾರೂ ಹೋಗಲ್ಲ’ ಎಂದಿದ್ದ. ನಾನು ಕಡಲ ದಂಡೆಯವಳು, ನಮ್ಮಲ್ಲಿ ಇಂಥವು ಇಲ್ಲ. ಕೇಳಿಕೊಂಡು ಸುಮ್ಮನಿದ್ದೆ.

ಒಳಗೆ ಗಾಳಿಯೇ ಇರಲಿಲ್ಲ. ಹೊರಗೆ ಕಾಗೆಗಳು ಕಿತ್ತಾಡುತ್ತಿದ್ದದ್ದು ಕಂಡಿ ದಾಟಿದ ಕೂಡಲೇ ಕೇಳಿಸದಾಯಿತು. ಕಡಸು ಇರಲಿಲ್ಲ. ಹಿಮದ ಕೆಳಗೆ ಸಾಲುಸಾಲಾಗಿ ಸಣ್ಣ ಉಬ್ಬುಗಳಿದ್ದವು. ಒಂದನ್ನು ಕಾಲಿನಿಂದ ಕೆದರಿದೆ, ಕಲ್ಲು. ಇನ್ನೊಂದು, ಅದೂ ಕಲ್ಲು. ಒಂದೊಂದೂ ದಪ್ಪ ದುಂಡು ರೊಟ್ಟಿಯಷ್ಟು ದೊಡ್ಡದು, ಅಕ್ಷರವಿಲ್ಲ, ಶಿಲುಬೆಯಿಲ್ಲ. ಮೂವತ್ತರ ಮೇಲಿದ್ದವು. ಅಷ್ಟು ಹೊತ್ತಿಗೆ ನನಗೆ ಅರ್ಥವಾಯಿತು. ಅಪ್ಪಂದಿರು ‘ಎಲ್ಲೋ’ ಇಟ್ಟು ಬರುವುದು ಎಂದರೆ ಇಲ್ಲಿ.

ಎಲ್ಲದರ ಮೇಲೂ ಹಿಮವಿತ್ತು, ನಡುವಿನ ಒಂದನ್ನು ಬಿಟ್ಟು. ಅದರ ಸುತ್ತ ತಟ್ಟೆಯಗಲ ಹಸಿರು ಹುಲ್ಲು ಕಾಣುತ್ತಿತ್ತು. ಕೈಗವಸು ತೆಗೆದು ಮುಟ್ಟಿದೆ. ಬೆಚ್ಚಗಿತ್ತು. ಒಲೆಯಿಂದ ಇಳಿಸಿ ಬಹಳ ಹೊತ್ತಾಗಿದ್ದರೂ ಒಳಗೆ ಇನ್ನೂ ಕಾವು ಉಳಿದ ರೊಟ್ಟಿಯ ಹಾಗೆ. ಕೈ ಹಿಂದಕ್ಕೆ ತೆಗೆಯುವಷ್ಟರಲ್ಲಿ ಎದೆ ಜುಮ್ಮೆಂದು ಬಿಗಿಯಿತು, ರವಿಕೆ ಒದ್ದೆಯಾಯಿತು. ಬತ್ತಿಹೋಗಿದ್ದ ಹಾಲು.

ಓಡಿ ಬಂದೆ.

ಕಡಸು ಕೊಟ್ಟಿಗೆಯಲ್ಲೇ ಇತ್ತು. “ಬೆಳಿಗ್ಗೆಯಿಂದ ನಾನೇ ಕಟ್ಟಿದೀನಿ. ಹೊರಗೇ ಬಿಟ್ಟಿಲ್ವಲ್ಲ!” ಎಂದರು ಭಾವ.

ಸಂಜೆ ಚಹಾ ಕೊಡುವಾಗ ಅತ್ತೆ ನನ್ನ ಕೈ ಹಿಡಿದುಕೊಂಡು ಬಿಡಲಿಲ್ಲ. “ನಿನ್ ಕೈ ಏನ್ ಮಗಳೇ, ಇಷ್ಟು ಬೆಚ್ಚಗಿದೆ? ಎಲ್ಲಿಗ್ ಹೋಗಿದ್ದೆ?”

“ಕಡಸು ಹುಡುಕೋಕೆ, ಅತ್ತೆ.”

“ಸಿಕ್ತಾ?”

ಚಹಾ ಆರುತ್ತದೆ ಎಂದು ಕಪ್ಪನ್ನು ಅವರ ಮುಂದೆ ಸರಿಸಿದೆ.

ಜನವರಿ ೧೦, ಗುರುವಾರ

ಹೋಗಿದ್ದೆ. ಬೆಚ್ಚಗೇ ಇದೆ.

ಜನವರಿ ೧೭, ಗುರುವಾರ

ಮ್ಯಾಲಕಿ, ಅವನ ಹೆಂಡತಿ ಸಾರಾ ಚಹಾಕ್ಕೆ ಬಂದಿದ್ದರು. ಸೋಡಾ ರೊಟ್ಟಿ ಕತ್ತರಿಸುತ್ತ, ಕೋಟೆಯ ಒಳಗೆ ಒಂದು ಕಡೆ ಹಿಮವೇ ನಿಂತಿಲ್ಲವಲ್ಲ, ಯಾಕಿರಬಹುದು ಎಂದೆ. ಸಾರಾ ಚಮಚ ತಿರುಗಿಸುವುದನ್ನು ನಿಲ್ಲಿಸಿದಳು.

ಮ್ಯಾಲಕಿ ಎಪ್ಪತ್ತು ದಾಟಿದವನು, ಎಲ್ಲದಕ್ಕೂ ಉತ್ತರ ಇರುವವನು. “ಅದರ ಕೆಳಗೆ ಸುರಂಗ ಇದೆ ಕಣಮ್ಮ. ಹಳೇ ಜನ ಬೆಣ್ಣೆ ಇಡೋಕೆ, ಕಳ್ಳರು ಬಂದ್ರೆ ಅವಿತ್ಕೊಳ್ಳೋಕೆ ಕಲ್ಲಲ್ಲಿ ಕಟ್ಟಿದ್ದು. ಒಳಗಿನ ಗಾಳಿ ಬೆಚ್ಚಗಿರುತ್ತೆ, ಸಂದಿ ಇರೋ ಕಡೆ ಮೇಲಕ್ಕೆ ಬರುತ್ತೆ. ಅಲ್ಲಿ ಹಿಮ ಕರಗುತ್ತೆ. ಅಷ್ಟೇ.”

“ಸುರಂಗಾನೂ ಇಲ್ಲ ಮಣ್ಣೂ ಇಲ್ಲ. ಮೊಲದ ಬಿಲ,” ಎಂದರು ಭಾವ.

“ನೀನ್ ಒಳಗೆ ಹೋಗಿದ್ಯೇನೋ ಲ್ಯೂಕ್, ಮೊಲದ ಬಿಲ ಅನ್ನೋಕೆ?”

“ನನಗ್ಯಾಕಪ್ಪ ಅಲ್ಲಿ ಕೆಲಸ,” ಎಂದವರೇ ಎದ್ದು ಒಲೆಗೆ ಹಾಕುವ ಟರ್ಫ್ ಹೆಂಟೆ ತರಲು ಹೋದರು. ಒಲೆಯ ಪಕ್ಕ ಬುಟ್ಟಿ ತುಂಬ ಟರ್ಫ್ ಇತ್ತು.

ಸುರಂಗದ ಮಾತು ಕೇಳಿ ಸಮಾಧಾನವಾಯಿತು. ಆದರೆ ಮಲಗುವ ಮುಂಚೆ ಯೋಚಿಸಿದೆ. ಬಿಸಿ ಗಾಳಿ ಸಂದಿಯಿಂದ ಬರುತ್ತದೆ, ಸರಿ. ಕಲ್ಲಿನ ನೆತ್ತಿ ಯಾಕೆ ಬೆಚ್ಚಗಿರಬೇಕು?

ಜನವರಿ ೨೭, ಭಾನುವಾರ

ಚರ್ಚಿಗೆ ಹೋಗಲಿಲ್ಲ. ತಲೆನೋವು ಎಂದೆ. ಅವರ ಗಾಡಿ ತಿರುವು ದಾಟಿದ ಮೇಲೆ ಕೋಟೆಗೆ ಹೋಗಿ ಕೂತೆ. ಅಲ್ಲಿ ಚಳಿಯಾಗುವುದಿಲ್ಲ. ಎಷ್ಟು ಹೊತ್ತಾಯಿತೋ, ಫೆಸ್ಟಸ್ ಕಂಡಿಯಲ್ಲಿ ನಿಂತಿದ್ದ. ಒಳಗೆ ಕಾಲಿಡಲಿಲ್ಲ.

“ಅಲ್ಲಿ ಕೂರ್ಬೇಡ, ಡೆಲಿಯಾ.”

“ಇಲ್ಲಲ್ದೆ ಎಲ್ಲಿ ಕೂರ್ಲಿ?”

ಅವನು ಬಾಯಿ ತೆರೆದ. ಕಣ್ಣು ನನ್ನನ್ನು ದಾಟಿ ಬೇರೆಲ್ಲೋ ಹೋಯಿತು, ತಿರುಗಿ ಬಂತು. ಬಾಯಿ ಮುಚ್ಚಿಕೊಂಡ. “ಹಸುಗಳಿಗೆ ನೀರಿಡ್ಬೇಕು,” ಎಂದು ಹೊರಟುಹೋದ.

ಅವನಿಗೆ ಕರುಳಿಲ್ಲ. ಬರೆದದ್ದನ್ನು ಹೊಡೆದುಹಾಕುವುದಿಲ್ಲ, ಹಾಗೇ ಇರಲಿ.

ಫೆಬ್ರವರಿ ೧, ಶುಕ್ರವಾರ

ಸಂತ ಬ್ರಿಜಿಡಳ ದಿನ. ನಿನ್ನೆ ಸಂಜೆ ಊರಿನ ಹೆಂಗಸರೆಲ್ಲ ಒಂದೊಂದು ಬಟ್ಟೆಯನ್ನು ಬೇಲಿಯ ಮೇಲೆ ಹಾಕಿದರು. ಸಂತ ಹಾದುಹೋಗುವಾಗ ಮುಟ್ಟುತ್ತಾಳೆ, ಆ ಬಟ್ಟೆ ವರ್ಷವೆಲ್ಲ ತಲೆನೋವಿಗೆ, ಹೆರಿಗೆಗೆ ಆಗುತ್ತದೆ. ಅತ್ತೆಯದನ್ನು ಬೇಲಿಯ ಮೇಲೆ ಹಾಕಿದೆ. ನನ್ನ ಶಾಲನ್ನು ಕಲ್ಲಿನ ಮೇಲೆ ಹೊದಿಸಿ ಬಂದೆ.

ಬೆಳಿಗ್ಗೆ ಅತ್ತೆಯ ಬಟ್ಟೆ ಹಲಗೆಯ ಹಾಗೆ ಸೆಟೆದಿತ್ತು. ಸಾರಾಳದ್ದೂ ಹಾಗೆಯೇ, ಬೇಲಿಯಿಂದ ಬಿಡಿಸುವಾಗ ಚಟಚಟ ಎಂದಿತು. ನನ್ನ ಶಾಲು ಮೆತ್ತಗೆ, ಒಣಗಿ, ಹಾಸಿಗೆಯಿಂದ ಈಗಷ್ಟೇ ಎತ್ತಿದ ಹಾಗಿತ್ತು. ನಾನು ಹೊದಿಸಿದ್ದು ಉದ್ದಕ್ಕೆ. ಈಗ ಮೂಲೆಗಳು ಒಳಕ್ಕೆ ಸೇರಿದ್ದವು, ಒಳಗಿನಿಂದ ಯಾರೋ ಎಳೆದುಕೊಂಡ ಹಾಗೆ. ಗಾಳಿ ಬೀಸಿರಬೇಕು.

ಶಾಲನ್ನು ಅವನಿಗೇ ಬಿಟ್ಟು ಬಂದೆ.

ಫೆಬ್ರವರಿ ೧೧, ಸೋಮವಾರ

ಹೋಗಿ ಬಂದೆ. ಚೆನ್ನಾಗಿದ್ದಾನೆ.

ಫೆಬ್ರವರಿ ೨೫, ಸೋಮವಾರ

ಈಗ ಮೈ ಹಗುರವಾಗಿದೆ. ಊಟ ಅಷ್ಟಾಗಿ ಸೇರುವುದಿಲ್ಲ, ಬೇಕೂ ಇಲ್ಲ. ಅಂಗಡಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸಿ ದಾರಿ ಬಿಡುತ್ತಾರೆ. ಒಳ್ಳೆಯದೇ, ಬೇಗ ಕೆಲಸ ಮುಗಿಯುತ್ತದೆ. ಸಾರಾ ಮಾತ್ರ ನನ್ನ ಕೆನ್ನೆ ಮುಟ್ಟಿ ನೋಡಿದಳು. “ಮುಖ ಕೆಂಪಗಿದೆ, ಕೈಕಾಲು ಕಡ್ಡಿಯಾಗಿದೆ. ಜ್ವರ ಇದ್ಯಾ ನಿನಗೆ?” ಜ್ವರವೇನೂ ಇಲ್ಲ.

ರಾತ್ರಿಯ ಊಟಕ್ಕೆ ತಟ್ಟೆ ಇಡುವಾಗ ಭಾವ ಕೇಳಿದರು, “ಯಾರ್ ಬರ್ತಾರೆ?”

ಐದು ತಟ್ಟೆ ಇಟ್ಟಿದ್ದೆ. ಎಣಿಕೆ ತಪ್ಪಿತು ಎಂದು ನಕ್ಕೆ. ಯಾರೂ ನಗಲಿಲ್ಲ. ಫೆಸ್ಟಸ್ ಐದನೆಯದನ್ನು ಎತ್ತಿ ಕಪಾಟಿನಲ್ಲಿಟ್ಟ.

ಆಮೇಲೆ ಪಾತ್ರೆ ತೊಳೆಯುತ್ತ ಏನೋ ಗುನುಗುತ್ತಿದ್ದೆ. ಅತ್ತೆ ಕುರ್ಚಿಯಿಂದ ಅರ್ಧ ಎದ್ದರು.

“ಆ ಹಾಡು ನಿಂಗ್ಯಾರು ಕಲಿಸಿದ್ರು?”

“ನೀವೇ ಹಾಡ್ತಿರ್ತೀರಲ್ಲ ಅತ್ತೆ.”

“ನಾನು ಅದನ್ನ ಹಾಡಿ ನಲವತ್ತು ವರ್ಷದ ಮೇಲಾಯ್ತು,” ಎಂದರು. “ಈ ಮನೇಲಿ ಯಾರೂ ಕೇಳಿಲ್ಲ. ಹೊಟ್ಟೇಲಿದ್ದವನು ಬಿಟ್ರೆ.”

ವಯಸ್ಸಾದವರು. ಎಲ್ಲೋ ಕೇಳಿಸಿಕೊಂಡಿರುತ್ತೇನೆ.

ಮಾರ್ಚ್ ೭, ಗುರುವಾರ

ಹಿಮ ಕರಗುತ್ತಿದೆ. ಹೊಲವೆಲ್ಲ ಕೆಸರು. ಈಗ ಎಲ್ಲ ಕಲ್ಲುಗಳೂ ಬರಿಮೈಯಲ್ಲಿ ಕಾಣುತ್ತವೆ, ಗೊತ್ತಿಲ್ಲದವರಿಗೆ ಎಲ್ಲವೂ ಒಂದೇ. ನಾನು ಕಣ್ಣು ಮುಚ್ಚಿಕೊಂಡೂ ಅವನ ಹತ್ತಿರ ಹೋಗಬಲ್ಲೆ. ಇವತ್ತು ಹಾಗೆಯೇ ಹೋದೆ.

ಮಾರ್ಚ್ ೧೯, ಮಂಗಳವಾರ

ಅತ್ತೆ ಒಳಗೆ ಮಲಗಿದ್ದಾಗ, ಊಟದ ಮೇಜಿನಲ್ಲಿ ಬೆಂದ ಆಲೂಗಡ್ಡೆ ಸುಲಿಯುತ್ತ ಭಾವ ಹೇಳಿದರು, ಈಸ್ಟರ್ ಕಳೆದ ಮೇಲೆ ಬುಲ್ಡೋಜರ್ ಬರುತ್ತದೆ. ಮೇಲಿನ ಹೊಲವನ್ನು ಸಮ ಮಾಡಿಸುತ್ತಾರಂತೆ.

“ಕೋಟೆ?” ಎಂದೆ.

“ಅದೇ ಮೊದಲು. ಹುಲ್ಲು ಕೊಯ್ಯೋ ಮಷಿನ್ ತಿರುಗೋಕೂ ಬಿಡಲ್ಲ ಅದು. ಮುಳ್ಳು, ಮೊಲ, ಇನ್ನೇನಿದೆ ಅದ್ರಲ್ಲಿ?”

“ಏನಿದೆ ಅಂತ ನಿಮಗೆ ಗೊತ್ತಿಲ್ವಾ ಭಾವ?”

ಆಲೂಗಡ್ಡೆಯ ಸಿಪ್ಪೆಯನ್ನು ನೋಡುತ್ತ ಹೇಳಿದರು, “ಊರಲ್ಲೆಲ್ಲ ಅಜ್ಜಿಕತೆ. ಕೋಟೆ ಮುಟ್ಟಿದೋನ ಕೈ ಒಣಗುತ್ತೆ, ಹಸು ಸಾಯುತ್ತೆ. ನನ್ನ ಕೈ, ನನ್ನ ಹಸು. ಒಣಗಿದ್ರೆ ಒಣಗ್ಲಿ.”

ಫೆಸ್ಟಸ್ ತಟ್ಟೆಯಿಂದ ತಲೆ ಎತ್ತಲಿಲ್ಲ. ಆಮೇಲೆ ಕೊಟ್ಟಿಗೆಯಲ್ಲಿ ಅವನನ್ನು ಹಿಡಿದೆ. ಅವನ ಕೋಟಿನ ಕಾಲರನ್ನೇ ಹಿಡಿದೆ.

“ನಿಮ್ಮಣ್ಣಂಗೆ ಹೇಳು.”

“ಜಮೀನು ಅವನದು.”

“ಅಲ್ಲಿರೋದು ಯಾರದು?”

ಹಾಲಿನ ಬಕೆಟ್ ಕೆಳಗಿಟ್ಟ. ಗೋಡೆಗೆ ಹಣೆ ಒತ್ತಿ ನಿಂತ. ಹಿಂದಿನಿಂದ ನೋಡಿದರೆ ಅವನಿಗೂ ಭಾವನಷ್ಟೇ ವಯಸ್ಸಾದ ಹಾಗೆ ಕಂಡಿತು. “ನಂಗೆ ಹೇಳೋಕ್ ಬರಲ್ಲ ಡೆಲಿಯಾ,” ಎಂದ. “ಮನೇಲಿ ಯಾರೂ ಹೇಳೋದು ಕಲಿಸ್ಲಿಲ್ಲ.”

ಏಪ್ರಿಲ್ ೭, ಭಾನುವಾರ

ಗಂಡಸರಿಬ್ಬರೂ ಚರ್ಚಿಗೆ ಹೋದಾಗ ಅತ್ತೆಗೆ ಬುಲ್ಡೋಜರಿನ ಸುದ್ದಿ ಹೇಳಿದೆ. ಒಲೆಯ ಕೆಂಡವನ್ನು ಕೆದಕಿದರು. ಆಮೇಲೆ ನನ್ನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಹೇಳಿದರು.

“ಲ್ಯೂಕ್ ಆದ್ಮೇಲೆ, ಫೆಸ್ಟಸ್‌ಗೆ ಮುಂಚೆ, ಒಬ್ಬ ಇದ್ದ. ಇದೇ ಮನೇಲಿ, ಆ ರೂಮಲ್ಲಿ. ಸೂಲಗಿತ್ತಿ ‘ಗಂಡು’ ಅಂದ್ಳು, ಆಮೇಲೆ ಏನೂ ಅನ್ಲಿಲ್ಲ. ನಿಮ್ಮಾವ ಗುದ್ದಲಿ ತಗೊಂಡ್ ಹೋದ್ರು. ವಾಪಸ್ ಬಂದು ಬೂಟ್ ಬಿಚ್ಚಿ ಚಹಾ ಕುಡಿದ್ರು. ನಾನು ಕೇಳ್ಬೇಕು ಅಂತಿದ್ದೆ. ಹಬ್ಬ ಕಳೀಲಿ ಅಂದ್ಕೊಂಡೆ. ಆಮೇಲೆ ಹುಲ್ಲು ಕೊಯ್ಲು ಮುಗೀಲಿ ಅಂದ್ಕೊಂಡೆ. ಹೀಗೇ ಅಂದ್ಕೊಂಡು ಅಂದ್ಕೊಂಡು ಅವರೂ ಹೋಗ್ಬಿಟ್ರು.”

“ಕೋಟೆ ಒಳಗೆ ಒಂದ್ಸಲನೂ ಹೋಗಿಲ್ವಾ ಅತ್ತೆ?”

“ಹೋಗಿ ಯಾವ ಕಲ್ಲಿನ ಮುಂದೆ ಅಳ್ಲಿ?”

ನನ್ನ ಕೈಯನ್ನು ತಿರುಗಿಸಿ ಅಂಗೈಗೆ ಕೆನ್ನೆ ಒತ್ತಿದರು. ಅವರ ಕೆನ್ನೆ ತಣ್ಣಗಿತ್ತು. ಪಾಪ, ನನಗಾದರೂ ನನ್ನವನು ಎಲ್ಲಿದ್ದಾನೆಂದು ಗೊತ್ತಿದೆ.

ಏಪ್ರಿಲ್ ೨೦, ಶನಿವಾರ

ಬುಲ್ಡೋಜರ್ ಮಂಗಳವಾರ ಬರುತ್ತದಂತೆ. ಸಾರಾಳ ಅಡುಗೆಮನೆಗೆ ಹೋಗಿ ಹೇಳಿದೆ. ಎಲೆಕೋಸು ಹೆಚ್ಚುತ್ತಿದ್ದ ಚಾಕು ನಿಂತಿತು.

“ಮಂಗಳವಾರನಾ?”

“ಹೂಂ.”

ಅವಳು ಬಾಗಿಲು ಮುಚ್ಚಿದಳು, ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ. ಎರಡು ಬೆರಳು ತೋರಿಸಿದಳು. “ಅವಳಿ,” ಎಂದಳು. ಮತ್ತೆ ಚಾಕು ಎತ್ತಿಕೊಂಡಳು. ನಾನು ಹೊರಡುವಾಗ ಕೇಳಿದಳು, “ನೀನ್ ಏನ್ ಮಾಡ್ತೀಯ?”

ಕಂಡಿಯಲ್ಲಿ ನಿಲ್ಲುತ್ತೇನೆ ಎಂದೆ. ಅಷ್ಟು ಹೊತ್ತಿನ ತನಕ ನನಗೂ ಅದು ಗೊತ್ತಿರಲಿಲ್ಲ.

ಏಪ್ರಿಲ್ ೨೩, ಮಂಗಳವಾರ

ಎಲ್ಲವನ್ನೂ ಕ್ರಮವಾಗಿ ಬರೆಯಬೇಕು.

ಬೆಳಿಗ್ಗೆ ಎಂಟಕ್ಕೆ ಯಂತ್ರ ಬಂತು. ಹಳದಿ ಬಣ್ಣ, ಮುಂದೆ ಬಾಗಿಲಗಲದ ಕಬ್ಬಿಣದ ಹಲಗೆ. ಓಡಿಸುವವನು ಪರ ಊರಿನವನು, ಬಾಯಲ್ಲಿ ಸಿಗರೇಟು. ಭಾವ ಮುಂದೆ ನಡೆದು ದಾರಿ ತೋರಿಸಿದರು. ನಾನು ಕಂಡಿಯಲ್ಲಿ ನಿಂತಿದ್ದೆ.

“ಸರಿಯಮ್ಮ ಪಕ್ಕಕ್ಕೆ,” ಎಂದರು ಭಾವ.

“ಸರಿಯಲ್ಲ.”

“ಫೆಸ್ಟಸ್, ನಿನ್ ಹೆಂಡ್ತೀನ ಕರ್ಕೊಂಡ್ ಹೋಗು.”

ಫೆಸ್ಟಸ್ ಬೇಲಿಯ ಬಳಿ ಕವೆಗೋಲು ಹಿಡಿದು ನಿಂತಿದ್ದ. ಅಲುಗಲಿಲ್ಲ. ಯಂತ್ರ ನನ್ನಿಂದ ಹತ್ತು ಹೆಜ್ಜೆಯಲ್ಲಿ ಗುರುಗುಡುತ್ತ ನಿಂತಿತು. ನೆಲದ ನಡುಕ ನನ್ನ ಹಲ್ಲಿನಲ್ಲಿ ತಿಳಿಯುತ್ತಿತ್ತು.

ಆಗ ಮ್ಯಾಲಕಿ ಬಂದ. ಹೊಲ ದಾಟಿ, ಭಾನುವಾರದ ಕೋಟು ಹಾಕಿಕೊಂಡು. ಯಾರ ಮುಖವನ್ನೂ ನೋಡಲಿಲ್ಲ. ಟೋಪಿ ತೆಗೆದು ಜೇಬಿಗೆ ತುರುಕಿ, ನನ್ನ ಪಕ್ಕದಿಂದಲೇ ಒಳಗೆ ಹೋದ. ಏರಿಯ ಬುಡದಲ್ಲಿ ಜೋಡಿಯಾಗಿದ್ದ ಎರಡು ಕಲ್ಲುಗಳ ಬಳಿ ಹೋಗಿ ನಿಂತ, ಕೈ ಹಿಂದೆ ಕಟ್ಟಿಕೊಂಡು. ಅವನ ಹಿಂದೆ ಬಂದಿದ್ದ ಸಾರಾ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು. ಉಗುರಿನ ಗುರುತು ಈಗಲೂ ಇದೆ.

“ಅಲ್ಲೇನ್ರೀ?” ಎಂದಳು. ಮೂವತ್ತೈದು ವರ್ಷ ಅವನ ಜೊತೆ ಒಂದೇ ಮಂಚದಲ್ಲಿ ಮಲಗಿದವಳು.

ಮ್ಯಾಲಕಿ ಹೌದೆಂದು ತಲೆಯಾಡಿಸಿದ. ಎಲ್ಲದಕ್ಕೂ ಉತ್ತರವಿದ್ದವನು ಬಗ್ಗಿ ಎರಡೂ ಕಲ್ಲುಗಳ ಮೇಲಿನ ಒಣಹುಲ್ಲನ್ನು ಕೈಯಿಂದ ಸವರಿದ.

ಆಮೇಲೆ ತಿರುವಿನ ಮನೆಯವನು ಬಂದ. ಕಮ್ಮಾರ ಬಂದ. ಕೆಳಗಿನ ಮನೆಯ ಅಪ್ಪ ಮಗ ಇಬ್ಬರೂ ಬಂದರು, ಒಬ್ಬೊಬ್ಬರು ಒಂದೊಂದು ಕಲ್ಲಿನ ಬಳಿ ನಿಂತರು. ಯಾರೂ ಯಾರನ್ನೂ ಕರೆದಿರಲಿಲ್ಲ. ಅವರ ಹೆಂಗಸರು ಏರಿಯ ಹೊರಗೆ ನಿಂತು, ಯಾರು ಎಲ್ಲಿ ನಿಲ್ಲುತ್ತಾರೆ ಎಂದು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಓಡಿಸುವವನು ಯಂತ್ರ ನಿಲ್ಲಿಸಿ, ಸಿಗರೇಟು ಹೊಸಕಿ ಟೋಪಿ ತೆಗೆದ.

ಫೆಸ್ಟಸ್ ಕವೆಗೋಲನ್ನು ಬೇಲಿಗೆ ಒರಗಿಸಿದ. ನನ್ನ ಮುಂದೆ ಬಂದು ಒಂದು ಗಳಿಗೆ ನಿಂತ. ನಾನು ಅವನ ಜೊತೆ ನಡುವಿನ ಕಲ್ಲಿನ ಕಡೆಗೆ ಹೊರಟೆ. ಅವನು ಆ ಕಡೆ ಬರಲಿಲ್ಲ. ಎಡಕ್ಕೆ ತಿರುಗಿ, ಒಂದು ಮುಳ್ಳುಮರದ ಕೆಳಗೆ ನಾನು ಈವರೆಗೆ ಗಮನಿಸಿಯೇ ಇರದ ಚಪ್ಪಟೆ ಕಲ್ಲಿನ ಬಳಿ ಹೋಗಿ ಮಂಡಿಯೂರಿದ.

“ಇಲ್ಲಿ, ಡೆಲಿಯಾ,” ಎಂದ. “ಅವಳು ಇಲ್ಲಿದ್ದಾಳೆ.”

ನನಗೆ ಮೊದಲು ತಿಳಿಯಲೇ ಇಲ್ಲ. ಅವಳು ಎಂದರೆ ಯಾರು ಎಂದು ಯೋಚಿಸಿದೆ. ಆ ಕಲ್ಲಿನ ತನಕ ಹೇಗೆ ನಡೆದೆನೋ ನೆನಪಿಲ್ಲ. ಮುಟ್ಟಿದೆ. ತಣ್ಣಗಿತ್ತು, ಎಲ್ಲ ಕಲ್ಲುಗಳ ಹಾಗೆ. ಹೊಸ ಮಣ್ಣಿನ ಮೇಲೆ ಹುಲ್ಲು ಇನ್ನೂ ಸರಿಯಾಗಿ ಹಿಡಿದಿರಲಿಲ್ಲ.

ಹಾಗಾದರೆ ನಾನು ಚಳಿಗಾಲವೆಲ್ಲ ಯಾರ ಹತ್ತಿರ ಕೂತಿದ್ದೆ?

ಅಷ್ಟರಲ್ಲಿ ಅತ್ತೆ ಕಂಡಿಗೆ ಬಂದಿದ್ದರು. ಎರಡು ಕೋಲು ಊರಿಕೊಂಡು, ತಲೆಗೆ ಕಪ್ಪು ಶಾಲು ಹೊದ್ದು, ಒಬ್ಬರೇ, ಅಷ್ಟು ದೂರ. ಅವರು ಒಳಗೆ ನಿಂತ ಗಂಡಸರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಯಾರೂ ನಿಂತಿರದ ಕಲ್ಲುಗಳು ಇಪ್ಪತ್ತಕ್ಕಿಂತ ಹೆಚ್ಚಿದ್ದವು.

“ನಂಗೆ ತೋರ್ಸೋರು ಇಲ್ಲ,” ಎಂದರು. ದುಃಖದಿಂದ ಹೇಳಲಿಲ್ಲ. ಸಾಲಿನಲ್ಲಿ ನಿಂತು ತಮ್ಮ ಸರದಿ ಬರುವುದಿಲ್ಲ ಎಂದು ಗೊತ್ತಾದವರ ಹಾಗೆ ಹೇಳಿದರು.

ಲ್ಯೂಕ್ ಭಾವ ಯಂತ್ರದ ಹಲಗೆಗೆ ಒರಗಿ ನಿಂತಿದ್ದರು. ಅವರ ಮುಖ ಸುಣ್ಣದ ಹಾಗಾಗಿತ್ತು. ಅವರು ಅಲ್ಲಿಂದ ಹೊರಟದ್ದು, ಕಂಡಿ ದಾಟಿದ್ದು, ಯಾರ ಕಡೆಗೂ ನೋಡದೆ ನೇರ ನಡುವಿಗೆ ನಡೆದದ್ದು ನಾನು ನೋಡಿದೆ. ನನ್ನ ಶಾಲು ಇನ್ನೂ ಆ ಕಲ್ಲಿನ ಮೇಲಿತ್ತು. ಶಾಲನ್ನು ಸರಿಸಿ ಕಲ್ಲಿನ ಮೇಲೆ ಕೈ ಇಟ್ಟರು. ಸುಟ್ಟವರ ಹಾಗೆ ಕೈ ಕಿತ್ತುಕೊಂಡರು.

“ಬಿಸಿ ಇದೆ,” ಎಂದರು. ಮತ್ತೆ ಇಟ್ಟರು. ಈ ಸಲ ತೆಗೆಯಲಿಲ್ಲ.

“ಅಲ್ಲೇನೋ, ಲ್ಯೂಕ್?” ಎಂದು ಕೇಳಿದರು ಅತ್ತೆ.

“ಇಲ್ಲೇ, ಅಮ್ಮ. ಅಪ್ಪನ ಹಿಂದೇನೇ ಬಂದಿದ್ದೆ, ಏರಿ ಮೇಲಿಂದ ನೋಡ್ತಿದ್ದೆ. ಆರು ವರ್ಷ ನಂಗೆ. ಅಪ್ಪ ನೋಡ್ಬಿಟ್ರು. ‘ಅಮ್ಮಂಗೆ ಹೇಳ್ಬೇಡ, ಅಳ್ತಾಳೆ’ ಅಂದ್ರು. ನಾನು ಹೇಳ್ಲಿಲ್ಲ.”

“ಹೇಳಿದ್ರೆ ಅಳ್ತಿದ್ದೆ ಕಣೋ. ಅಳೋಕಾದ್ರೂ ಆಗ್ತಿತ್ತು.”

“ದಿನಾ ಇದರ ಪಕ್ಕದಲ್ಲೇ ಓಡಾಡ್ಬೇಕಲ್ಲಮ್ಮ. ನಲವತ್ನಾಲ್ಕು ವರ್ಷ. ನೆಲ ಸಮ ಮಾಡ್ಬಿಟ್ರೆ ಸಾಕು ಅನ್ನಿಸ್ಬಿಟ್ಟಿತ್ತು.”

ನಾನು, ಸಾರಾ ಸೇರಿ ಅತ್ತೆಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಕೂರಿಸಿದೆವು. ಅವರು ಕೋಲುಗಳನ್ನು ಪಕ್ಕಕ್ಕಿಟ್ಟು ಶಾಲನ್ನು ಮತ್ತೆ ಹೊದಿಸಿದರು, ಮೂಲೆಗಳನ್ನು ಒಳಕ್ಕೆ ಸೇರಿಸಿ. ಅತ್ತೆ ಏನೋ ಮೆಲ್ಲಗೆ ಹೇಳಿದರು; ಕಲ್ಲಿಗೆ ಹೇಳಿದ್ದು, ನಮಗಲ್ಲ. ಆಗ ಏರಿಯ ಮೇಲಿನ ಮುಳ್ಳುಮರಗಳಲ್ಲೆಲ್ಲ ಒಮ್ಮೆಲೇ ಹಕ್ಕಿಗಳು ಕೂಗಿದವು. ಕೋಟೆಯೊಳಗೆ ನಾನು ಹಕ್ಕಿಯ ದನಿ ಕೇಳಿದ್ದು ಇದೇ ಮೊದಲು.

ಬಗ್ಗಿ ಆ ಕಲ್ಲನ್ನು ಮುಟ್ಟಿದೆ. ತಣ್ಣಗಿತ್ತು.

ಯಂತ್ರ ಹತ್ತು ಗಂಟೆಗೆ ಬಂದ ದಾರಿಯಲ್ಲೇ ಹೋಯಿತು.

ಏಪ್ರಿಲ್ ೨೫, ಗುರುವಾರ

ನಿನ್ನೆ ದಿನವೆಲ್ಲ ಮಲಗಿದ್ದೆ. ಎದ್ದಾಗ ಹಸಿವಾಗಿತ್ತು, ನಾಲ್ಕು ಮೊಟ್ಟೆ ತಿಂದೆ.

ಈ ಪುಸ್ತಕವನ್ನು ಮೊದಲಿಂದ ಓದಿದೆ. ಫೆಬ್ರವರಿಯಿಂದ ‘ಅವನು, ಅವನು’ ಎಂದು ಬರೆದಿದ್ದೇನೆ. ನನಗೆ ಯಾರೂ ಹೇಳಿರಲಿಲ್ಲ. ಬರೆಯುವಾಗ ಗಮನಕ್ಕೂ ಬಂದಿರಲಿಲ್ಲ. ಆ ಪುಟಗಳನ್ನು ಅತ್ತೆಗೆ ಓದಿ ಹೇಳಿದೆ. ‘ಚೆನ್ನಾಗಿದ್ದಾನೆ’ ಎಂಬ ಸಾಲನ್ನು ಎರಡು ಸಲ ಓದಿಸಿಕೊಂಡರು.

ಮಧ್ಯಾಹ್ನ ಭಾವ ಹೊಲಕ್ಕೆ ಹೋದ ಮೇಲೆ ಫೆಸ್ಟಸ್ ಮೇಜಿನ ಎದುರು ಕೂತ. ನಾನು ಕೇಳಿದೆ, ನೀನು ಅವಳನ್ನು ನೋಡಿದೆಯಾ ಎಂದು. ಅವನು ಹೇಳುತ್ತ ಹೋದ, ಒಂದೊಂದೇ ಮಾತು, ಬಾವಿಯಿಂದ ನೀರು ಸೇದುವ ಹಾಗೆ. ನಾನು ಅವನ ಎದುರಿಗೇ ಬರೆದುಕೊಂಡೆ.

ಕೂದಲು ಕಪ್ಪಗೆ, ತುಂಬ. ಎಡ ಕಿವಿ ಸ್ವಲ್ಪ ಮಡಿಚಿತ್ತು. ಗದ್ದ ನನ್ನಪ್ಪನದಂತೆ. ಉಗುರು ಉದ್ದ ಬೆಳೆದಿದ್ದವು, ಯಾರಾದರೂ ಕತ್ತರಿಸಬೇಕಿತ್ತು ಎಂದುಕೊಂಡನಂತೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ಪೆಟ್ಟಿಗೆಯಲ್ಲಿ ಏನು ಎಂದು ಕೇಳಿದಳಂತೆ. ಬೂಟು ಎಂದನಂತೆ. ಹೊಸದಾ ಎಂದಳಂತೆ. ಹೌದು, ಇನ್ನೂ ಯಾರೂ ಹಾಕಿಲ್ಲ ಎಂದನಂತೆ.

“ಬಸ್ ಇಳಿದ್ಮೇಲೆ ಎರಡು ಮೈಲಿ ನಡೀಬೇಕಿತ್ತಲ್ಲ,” ಎಂದ. “ಮಳೆ ಬರ್ತಿತ್ತು. ಆ ಪೆಟ್ಟಿಗೆ ಹಲಗೆ ಸಂದೀಲಿ ನೀರು ಇಳೀತಿತ್ತು. ಸೇತುವೆ ಹತ್ರ ನಿಂತು ಮುಚ್ಚಳ ತೆಗ್ದೆ. ಅಲ್ಲಿಂದ ಮನೆ ತನಕ ಪೆಟ್ಟಿಗೆ ಖಾಲಿನೇ ಹೊತ್ಕೊಂಡ್ ಬಂದೆ, ಡೆಲಿಯಾ. ಅವಳು ನನ್ನ ಕೋಟಿನ ಒಳಗಿದ್ಲು.”

ಪೆನ್ನು ಕೆಳಗಿಟ್ಟೆ. ಇನ್ನೊಂದು ಸಲ ಹೇಳು ಎಂದೆ. ಹೇಳಿದ.